ರೈಡ್ ಕ್ಯೂನಲ್ಲಿ ನಿಲ್ಲುವುದು ಹೇಗೆ: ಗೇಟಿನಿಂದ ಸೀಟಿನವರೆಗೆ

ಅಮ್ಯೂಸ್‌ಮೆಂಟ್ ಪಾರ್ಕಿನ ಒಂದು ಕ್ಯೂನಲ್ಲಿ ಒಂದು ಗಂಟೆ ಹತ್ತು ನಿಮಿಷ ನಿಂತಿದ್ದೆವು. ನಮ್ಮ ಮುಂದೆ ಒಬ್ಬ ಅಪ್ಪ, ಜೊತೆಗೆ ಏಳೆಂಟು ವರ್ಷದ ಮಗ. ಹುಡುಗ ದಾರಿಯುದ್ದಕ್ಕೂ ತಲೆ ಮೇಲೆ ಹಾದುಹೋಗುವ ರೋಲರ್ ಕೋಸ್ಟರ್ ಗಾಡಿಗಳನ್ನು ಎಣಿಸುತ್ತಿದ್ದ. ಕೊನೆಗೂ ಪ್ಲಾಟ್‌ಫಾರಂ ಬಂತು. ಅಲ್ಲಿದ್ದ ಸಿಬ್ಬಂದಿ ಅವನನ್ನು ಎತ್ತರದ ಕೋಲಿನ ಪಕ್ಕ ನಿಲ್ಲಿಸಿದರು. ಎರಡು ಬೆರಳು ಕಡಿಮೆ.

"ಇಷ್ಟಕ್ಕೆಲ್ಲ ಏನಾಗುತ್ತೆ, ಬಿಡಿ ಸರ್" ಅಂದರು ಅಪ್ಪ. "ಆಗಲ್ಲ ಸರ್" ಅಂದರು ಸಿಬ್ಬಂದಿ. ಮಾತಿಗೆ ಮಾತು ಬೆಳೆಯಿತು. ಪಕ್ಕದಲ್ಲಿ ಗಾಡಿ ನಿಂತೇ ಇತ್ತು. ಅದರಲ್ಲಿ ಕೂತವರು ಇತ್ತ ತಿರುಗಿ ನೋಡುತ್ತಿದ್ದರು. ಹಿಂದೆ ನಿಂತವರು ಕಂಬಿಯ ಮೇಲೆ ಬಗ್ಗಿ ಏನಾಯ್ತು ಅಂತ ಕೇಳುತ್ತಿದ್ದರು. ಹುಡುಗ ಮಾತ್ರ ಮಾತಿಲ್ಲದೆ ಕೋಲಿನ ಮೇಲಿನ ಕೆಂಪು ಗೆರೆಯನ್ನೇ ನೋಡುತ್ತಿದ್ದ.

ಅಂಥದ್ದೇ ಇನ್ನೊಂದು ಕೋಲು ಕ್ಯೂ ಶುರುವಾಗುವ ಜಾಗದಲ್ಲೂ ಇತ್ತು. ನಾವೆಲ್ಲ ಅದನ್ನು ದಾಟಿಕೊಂಡೇ ಬಂದಿದ್ದೆವು.

ಕ್ಯೂನಲ್ಲಿ ಸಭ್ಯವಾಗಿ ನಿಲ್ಲುವುದು ಅಂದರೆ ನುಗ್ಗದೇ ಇರುವುದು, ಅಷ್ಟೇ ತಾನೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಸುಮಾರು ಕ್ಯೂಗಳಲ್ಲಿ ಕಾಲು ನೋಯಿಸಿಕೊಂಡ ಮೇಲೆ ಬೇರೆಯೇ ಅನಿಸತೊಡಗಿತು. ಬೇರೆಯವರಿಗೆ ನಾವು ಜಾಸ್ತಿ ತೊಂದರೆ ಕೊಡುವುದು ಕ್ಯೂನ ನಡುವೆ ಅಲ್ಲ, ಅದರ ಎರಡು ತುದಿಗಳಲ್ಲಿ. ಒಂದು, ಒಳಗೆ ಹೋಗುವ ಮೊದಲು ಮಾಡಬೇಕಾದ್ದನ್ನು ಮಾಡದೆ ಹೋಗುವುದು. ಇನ್ನೊಂದು, ಸೀಟಿನ ಮುಂದೆ ನಿಂತು ತಡಕಾಡುವುದು. ನಡುವೆ ಬೇಕಾಗಿರುವುದು ಬರೀ ತಾಳ್ಮೆ.

1. ಒಳಗೆ ಕಾಲಿಡುವ ಮೊದಲು

ಕ್ಯೂ ಶುರುವಾಗುವ ಕಡೆ ಒಂದು ಬೋರ್ಡ್ ಇರುತ್ತದೆ. ಅದನ್ನು ಓದಿ. ಎಲ್ಲರೂ ನೋಡುತ್ತೇವೆ, ಆದರೆ ಓದುವುದಿಲ್ಲ. ಎತ್ತರದ ಮಿತಿ, ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಬೆನ್ನು ಕತ್ತು ನೋವಿರುವವರು ಹತ್ತಬಾರದು ಎನ್ನುವ ಎಚ್ಚರಿಕೆ, ಚೀಲ ಒಯ್ಯಬಹುದೋ ಇಲ್ಲವೋ, ಬಟ್ಟೆ ಒದ್ದೆಯಾಗುತ್ತದೋ ಇಲ್ಲವೋ, ಎಲ್ಲ ಅಲ್ಲೇ ಇರುತ್ತದೆ.

ಎತ್ತರದ ಮಿತಿ ಬಹಳ ಕಡೆ 102, 122 ಅಥವಾ 137 ಸೆಂಟಿಮೀಟರ್ ಇರುತ್ತದೆ. ಇದೆಂಥ ವಿಚಿತ್ರ ಸಂಖ್ಯೆ ಅನ್ನಿಸಬಹುದು. 40, 48, 54 ಇಂಚುಗಳನ್ನು ಸೆಂಟಿಮೀಟರಿಗೆ ತಿರುಗಿಸಿದ್ದು ಅಷ್ಟೇ. ಸೀಟು ಮತ್ತು ತೊಡೆಯ ಮೇಲೆ ಬಂದು ಕೂರುವ ಕಂಬಿ ಎಂಥ ಮೈಯನ್ನು ಹಿಡಿದಿಡಬಲ್ಲದು ಅಂತ ನೋಡಿ ಮಾಡಿದ ಅಳತೆ ಅದು. ಹಾಗಾಗಿ ಪ್ಲಾಟ್‌ಫಾರಂನಲ್ಲಿ ನಿಂತ ಸಿಬ್ಬಂದಿಗೆ "ಎರಡು ಬೆರಳು ತಾನೇ, ಬಿಡಿ" ಅನ್ನುವ ಅಧಿಕಾರ ಇರುವುದಿಲ್ಲ. ಅವರ ಮೇಲೆ ರೇಗಿ ಪ್ರಯೋಜನವೂ ಇಲ್ಲ. ತುದಿಗಾಲಲ್ಲಿ ನಿಲ್ಲು ಅಂತ ಮಕ್ಕಳಿಗೆ ಹೇಳಿಕೊಡುವವರನ್ನು ನೋಡಿದ್ದೇನೆ. ಶೂ ಒಳಗೆ ಬಟ್ಟೆ ತುರುಕುವವರೂ ಇದ್ದಾರೆ. ಕಂಬಿ ಸರಿಯಾಗಿ ಕೂರದಿದ್ದರೆ ಜಾರುವುದು ಅದೇ ಮಗು, ಅಲ್ವಾ?

ಬಾಗಿಲಲ್ಲೇ ಅಳತೆ ನೋಡಿಬಿಡಿ. ಅನುಮಾನ ಇದ್ದರೆ ಅಲ್ಲಿರುವ ಸಿಬ್ಬಂದಿಯನ್ನು ಕೇಳಿ. ಕೆಲವು ಪಾರ್ಕುಗಳಲ್ಲಿ ಬೆಳಿಗ್ಗೆ ಒಂದೇ ಸಲ ಅಳೆದು ಮಗುವಿನ ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ. ಅದಿದ್ದರೆ ಇಡೀ ದಿನದ ಜಗಳ ಅಲ್ಲಿಗೇ ಮುಗಿಯಿತು.

ಆಮೇಲೆ ಟಾಯ್ಲೆಟ್. ಎಲ್ಲರೂ, ಮುಖ್ಯವಾಗಿ "ನನಗೆ ಬಂದಿಲ್ಲ" ಅನ್ನುವವರು. ಬಾಟಲಿಗೆ ನೀರು ತುಂಬಿಸಿಕೊಳ್ಳಿ. ಸಡಿಲ ವಸ್ತುಗಳನ್ನು ಒಯ್ಯಬಾರದು ಎನ್ನುವ ರೈಡ್ ಆದರೆ ಮೊದಲೇ ಲಾಕರಿಗೆ ಹೋಗಿ ಬನ್ನಿ. ಕ್ಯೂ ಅರ್ಧ ಮುಗಿದ ಮೇಲೆ ಇದು ಗೊತ್ತಾದರೆ ಜನರನ್ನು ಸರಿಸಿಕೊಂಡು ಹಿಂದೆ ಬರಬೇಕು, ಮತ್ತೆ ಅವರನ್ನೇ ಸರಿಸಿಕೊಂಡು ಮುಂದೆ ಹೋಗಬೇಕು.

ಮಕ್ಕಳಿಗೆ ರೈಡನ್ನು ಹೊರಗಿನಿಂದ ಎರಡು ಮೂರು ಸುತ್ತು ತೋರಿಸಿ. "ಹತ್ತುತ್ತೀಯಾ?" ಅಂತ ಆಮೇಲೆ ಕೇಳಿ. ಬೇಡ ಅಂದರೆ ಬೇಡ. ಒಳಗೆ ಹೋದರೆ ಧೈರ್ಯ ಬರುತ್ತೆ ಅಂತ ಎಳೆದುಕೊಂಡು ಹೋದವರ ಮಕ್ಕಳು ಗಾಡಿಯ ಬಾಗಿಲಲ್ಲಿ ನಿಂತು ಅಳುವುದನ್ನು ಯಾವ ಪಾರ್ಕಿನಲ್ಲಾದರೂ ನೋಡಬಹುದು.

ಬೋರ್ಡಿನ ಮೇಲೆ ಕಾಯುವ ಹೊತ್ತು ಬರೆದಿರುತ್ತಾರಲ್ಲ, ಅದು ಅಂದಾಜು. ಡಿಸ್ನಿ ಪಾರ್ಕುಗಳಲ್ಲಿ ಒಂದು ಹಳೇ ಉಪಾಯ ಇತ್ತು. ಕ್ಯೂಗೆ ಬರುವ ಯಾರೋ ಒಬ್ಬರ ಕೈಗೆ ಕೆಂಪು ಕಾರ್ಡ್ ಕೊಡುವುದು, ಅವರು ಅದನ್ನು ಮುಂದಿನ ತುದಿಯಲ್ಲಿ ಸಿಬ್ಬಂದಿಗೆ ಒಪ್ಪಿಸುವುದು. ಕಾರ್ಡಿಗೆ ಎಷ್ಟು ಹೊತ್ತು ಹಿಡಿಯಿತೋ ಅದೇ ಕಾಯುವ ಹೊತ್ತು. ಆದರೆ ಆ ಕಾರ್ಡ್ ಹೇಳುತ್ತಿದ್ದದ್ದು ಕಾದು ಮುಗಿಸಿದವರ ಲೆಕ್ಕವನ್ನು. ಈಗ ತಾನೇ ಬಂದು ನಿಂತವರದ್ದನ್ನಲ್ಲ.

ನೀವೇ ಅಂದಾಜು ಮಾಡಬೇಕೆಂದರೆ ಒಂದು ಸರಳ ದಾರಿ ಇದೆ. ಅಮೆರಿಕದ ಜಾನ್ ಲಿಟಲ್ ಎನ್ನುವ ಸಂಶೋಧಕರು 1961ರಲ್ಲಿ ಒಂದು ನಿಯಮವನ್ನು ಸಾಧಿಸಿ ತೋರಿಸಿದರು. ಸಾಲಿನಲ್ಲಿರುವ ಜನರ ಸಂಖ್ಯೆಯನ್ನು, ಗಂಟೆಗೆ ಎಷ್ಟು ಜನ ಸಾಲಿನಿಂದ ಹೊರಬೀಳುತ್ತಾರೋ ಅದರಿಂದ ಭಾಗಿಸಿದರೆ ಕಾಯುವ ಹೊತ್ತು ಸಿಗುತ್ತದೆ. ಒಂದು ಗಾಡಿಯಲ್ಲಿ ಎಷ್ಟು ಸೀಟು, ಎಷ್ಟು ಹೊತ್ತಿಗೊಂದು ಗಾಡಿ ಹೊರಡುತ್ತದೆ ಅಂತ ಹೊರಗಿನಿಂದಲೇ ನೋಡಬಹುದು. 24 ಸೀಟು, ನಿಮಿಷಕ್ಕೊಂದು ಗಾಡಿ ಅಂದರೆ ಗಂಟೆಗೆ 1440 ಜನ. ಮುಂದೆ 720 ಜನ ಇದ್ದರೆ ಅರ್ಧ ಗಂಟೆ. ಈ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ. ಪ್ಲಾಟ್‌ಫಾರಂ ಬಂದಾಗ ಮತ್ತೆ ಬೇಕಾಗುತ್ತವೆ.

2. ಯಾವ ಸಾಲು ನಿಮ್ಮದು?

ಒಂದೇ ರೈಡಿಗೆ ಮೂರು ನಾಲ್ಕು ಬಗೆಯ ಸಾಲುಗಳು ಇರಬಹುದು. ಎಲ್ಲರೂ ನಿಲ್ಲುವ ಮಾಮೂಲಿ ಸಾಲು. ಬೇರೆ ದುಡ್ಡು ಕೊಟ್ಟು ಬೇಗ ಹೋಗುವ ಸಾಲು. ಮೊಬೈಲಿನಲ್ಲಿ ಸರದಿ ಬರೆಸಿ, ಕರೆ ಬಂದಾಗ ಹೋಗುವ ವರ್ಚುವಲ್ ಕ್ಯೂ. ಒಬ್ಬೊಬ್ಬರೇ ಹೋಗುವ ಸಿಂಗಲ್ ರೈಡರ್ ಸಾಲು.

ಈ ಕೊನೆಯದರ ಬಗ್ಗೆ ಒಂದು ಮಾತು. ಮೂರು ಜನರ ಗುಂಪು ನಾಲ್ಕು ಸೀಟಿನ ಸಾಲಿನಲ್ಲಿ ಕೂತರೆ ಒಂದು ಸೀಟು ಉಳಿಯುತ್ತದೆ. ಅದನ್ನು ತುಂಬಿಸಲಿಕ್ಕೆ ಈ ಸಾಲು. ಬೇಗ ಸಾಗುತ್ತೆ ಅಂತ ಇಬ್ಬರು ಇಲ್ಲಿಗೆ ಬಂದು, ಕೊನೆಗೆ "ನಾವು ಜೊತೆ ಬಂದಿದ್ದೇವೆ, ಜೊತೆಯಲ್ಲೇ ಕೂರಿಸಿ" ಅನ್ನುವುದು ಸರಿಯಲ್ಲ. ಜೊತೆ ಕೂರಬೇಕಾದವರಿಗೆ ಮಾಮೂಲಿ ಸಾಲು ಇದ್ದೇ ಇದೆ.

ಮಗು ಚಿಕ್ಕದು, ಅಪ್ಪ ಅಮ್ಮ ಇಬ್ಬರಿಗೂ ಹತ್ತುವ ಆಸೆ. ಇಂಥವರಿಗೆ ಬಹಳ ಪಾರ್ಕುಗಳಲ್ಲಿ ರೈಡರ್ ಸ್ವ್ಯಾಪ್ ಎನ್ನುವ ಏರ್ಪಾಡು ಇರುತ್ತದೆ. ಒಬ್ಬರು ಮಗುವನ್ನು ನೋಡಿಕೊಂಡು ಹೊರಗಿರುತ್ತಾರೆ, ಇನ್ನೊಬ್ಬರು ಹೋಗಿ ಬಂದ ಮೇಲೆ ಇವರು ಪೂರ್ತಿ ಕ್ಯೂ ನಿಲ್ಲದೆ ಹತ್ತಬಹುದು. ಕ್ಯೂ ಬಾಗಿಲಲ್ಲೇ ಕೇಳಿ. ಎಷ್ಟೋ ಜನ ಇದು ಗೊತ್ತಿಲ್ಲದೆ ಎರಡೆರಡು ಸಲ ನಿಲ್ಲುತ್ತಾರೆ, ಅಥವಾ ನಿದ್ದೆ ಮಾಡುತ್ತಿರುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಪೂರ್ತಿ ಕ್ಯೂ ದಾಟುತ್ತಾರೆ.

3. ಜಾಗ ಹಿಡಿಯುವ ವಿಚಾರ

ಜಗಳದ ಬೇರು ಇದು. ಒಬ್ಬ ಬಂದು ನಿಲ್ಲುತ್ತಾನೆ. ಅರ್ಧ ಗಂಟೆ ಆದ ಮೇಲೆ ಹಿಂದಿನಿಂದ "ಸಾರಿ, ಸಾರಿ, ನಮ್ಮವರು ಮುಂದಿದ್ದಾರೆ" ಅನ್ನುತ್ತಾ ಏಳು ಜನ ಬರುತ್ತಾರೆ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಜ್ಯೂಸು. ಹಿಂದೆ ನಿಂತವನ ಕಣ್ಣಲ್ಲಿ ಒಬ್ಬನಿದ್ದ ಜಾಗದಲ್ಲಿ ಎಂಟು ಜನ ಹುಟ್ಟಿಕೊಂಡರು.

ನನ್ನ ನಿಯಮ ಇಷ್ಟು. ಸಾಲಿನಲ್ಲಿ ಇದ್ದವರು ಹೊರಗೆ ಹೋಗಿ ವಾಪಸ್ ಬರಬಹುದು. ಸಾಲಿಗೆ ಬಂದೇ ಇಲ್ಲದವರು ನಡುವೆ ಬಂದು ಸೇರಬಾರದು. ಮಗುವನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋದ ಅಮ್ಮನಿಗೂ, ಅಂಗಡಿ ಸುತ್ತಿ ಬಂದ ಏಳು ಜನರಿಗೂ ವ್ಯತ್ಯಾಸ ಇದೆ. ಆದರೆ ನನ್ನ ನಿಯಮಕ್ಕಿಂತ ಪಾರ್ಕಿನ ನಿಯಮ ದೊಡ್ಡದು. ಕೆಲವು ಕಡೆ ಜಾಗ ಹಿಡಿಯುವುದನ್ನೂ ನುಗ್ಗುವುದು ಅಂತಲೇ ಲೆಕ್ಕ ಹಾಕಿ, ದುಡ್ಡು ವಾಪಸ್ ಕೊಡದೆ ಪಾರ್ಕಿನಿಂದ ಹೊರಗೆ ಕಳಿಸುತ್ತಾರೆ. ಸಾಲು ಬಿಟ್ಟು ಹೋದರೆ ಮತ್ತೆ ಕೊನೆಯಿಂದಲೇ ಬರಬೇಕು ಎನ್ನುವ ಪಾರ್ಕುಗಳೂ ಇವೆ.

ಒಬ್ಬರು ಬರುವುದು ತಡವಾಗುತ್ತಿದೆ ಅಂದುಕೊಳ್ಳಿ. ಆಗ ಏನು ಮಾಡಬೇಕು? ಕ್ಯೂಗೆ ಹೋಗಬೇಡಿ, ಬಾಗಿಲ ಹೊರಗೇ ಕಾಯಿರಿ. ಆಗಲೇ ಒಳಗಿದ್ದರೆ ಸಾಲು ಅಗಲ ಇರುವ ಕಡೆ ಪಕ್ಕಕ್ಕೆ ಸರಿದು ನಿಂತು ಹಿಂದಿನವರಿಗೆ "ನೀವು ಮುಂದೆ ಹೋಗಿ, ನಮ್ಮವರು ಬರಬೇಕು" ಅನ್ನಿ. ಬರುವವರು ಸಾಲಿನಲ್ಲೇ ಸಾಗಿ ನಿಮ್ಮ ಹತ್ತಿರಕ್ಕೆ ಬರಲಿ. ಯಾರನ್ನೂ ತಳ್ಳಿಕೊಂಡು ಬರಬೇಕಾಗಿಲ್ಲ, ಯಾರ ಮುಖವೂ ಗಂಟಾಗುವುದಿಲ್ಲ. ಹತ್ತಿಪ್ಪತ್ತು ಜನ ಮುಂದೆ ಹೋಗುತ್ತಾರೆ, ಹೋಗಲಿ.

ತುರ್ತಾಗಿ ಹೊರಗೆ ಹೋಗಬೇಕಾಗಿ ಬಂದರೆ ಮೂರು ಜನರಿಗೆ ಹೇಳಿ ಹೋಗಿ: ನಿಮ್ಮವರಿಗೆ, ಹಿಂದೆ ನಿಂತವರಿಗೆ, ದಾರಿಯಲ್ಲಿ ಸಿಗುವ ಸಿಬ್ಬಂದಿಗೆ. ಹಿಂದಿನವರಿಗೆ ಹೇಳುವುದನ್ನು ಬಹಳ ಜನ ಮರೆಯುತ್ತಾರೆ. "ಮೇಡಂ, ಮಗುವಿಗೆ ಟಾಯ್ಲೆಟ್ ಅರ್ಜೆಂಟು, ಐದು ನಿಮಿಷದಲ್ಲಿ ಬರ್ತೀವಿ, ನಮ್ಮನೆಯವರು ಇಲ್ಲೇ ಇರ್ತಾರೆ." ಇಷ್ಟು ಹೇಳಿದ್ದರೆ ವಾಪಸ್ ಬಂದಾಗ ಅವರೇ ದಾರಿ ಬಿಡುತ್ತಾರೆ. ಹೇಳದೆ ಹೋಗಿದ್ದರೆ ಅದೇ ಮೇಡಂ ನಿಮ್ಮನ್ನು ನುಗ್ಗುವವರ ಪಟ್ಟಿಗೆ ಸೇರಿಸುತ್ತಾರೆ.

4. ಅಂಕುಡೊಂಕಿನಲ್ಲಿ

ಕಂಬಿಗಳ ನಡುವೆ ಹಾವಿನಂತೆ ಸುತ್ತುವ ಸಾಲಿನಲ್ಲಿ ಮುಂದಿನವರಿಗೂ ನಿಮಗೂ ಒಂದು ಕೈ ಅಂತರ ಸಾಕು. ಅದಕ್ಕಿಂತ ಒತ್ತಿ ನಿಂತರೆ ಸಾಲು ಬೇಗ ಸಾಗುವುದಿಲ್ಲ. ನಿಮ್ಮ ಉಸಿರು ಅವರ ಕತ್ತಿಗೆ ತಾಗುತ್ತದೆ, ಅಷ್ಟೇ.

ಹಾಗಂತ ಹತ್ತಡಿ ಖಾಲಿ ಬಿಟ್ಟು ಮೊಬೈಲ್ ನೋಡುತ್ತಾ ನಿಲ್ಲುವುದೂ ಸರಿಯಲ್ಲ. ನಿಜ ಹೇಳಬೇಕೆಂದರೆ, ನಡುವಿನ ಖಾಲಿ ಜಾಗದಿಂದ ಯಾರ ಕಾಯುವ ಹೊತ್ತೂ ಹೆಚ್ಚುವುದಿಲ್ಲ. ಪ್ಲಾಟ್‌ಫಾರಂ ತಲುಪುವ ಹೊತ್ತಿಗೆ ಅದು ಮುಚ್ಚಿದ್ದರೆ ಸಾಕು. ಆದರೆ ಖಾಲಿ ಜಾಗ ಕಂಡ ಕೂಡಲೇ ಹಿಂದಿನವರ ಮೈ ಬಿಸಿಯಾಗುತ್ತದೆ. ಸಾಲಿನ ಬಾಲ ಬಾಗಿಲು ದಾಟಿ ಓಡಾಡುವ ದಾರಿಗೆ ಬಂದು ನಿಲ್ಲುತ್ತದೆ. ನುಗ್ಗುವವನಿಗೂ ಜಾಗ ನಾವೇ ಮಾಡಿಕೊಟ್ಟಂತೆ.

ಬೆನ್ನಿನ ಚೀಲವನ್ನು ಮುಂದಕ್ಕೆ ಹಾಕಿಕೊಳ್ಳಿ. ದೊಡ್ಡವರು ಪಕ್ಕಕ್ಕೆ ತಿರುಗಿದಾಗ ಚೀಲ ಸರಿಯಾಗಿ ಹಿಂದಿನ ಮಗುವಿನ ಮುಖದ ಎತ್ತರದಲ್ಲಿ ಸುತ್ತುತ್ತದೆ. ಒಂದು ಸಲ ನನ್ನ ಚೀಲದ ಜಿಪ್ ಹಾಗೇ ಒಂದು ಮಗುವಿನ ಕೆನ್ನೆಗೆ ತಾಗಿತ್ತು. ಮಗು ಅಳಲಿಲ್ಲ, ಸುಮ್ನೆ ಕೆನ್ನೆ ಮುಟ್ಟಿಕೊಂಡು ನನ್ನನ್ನು ನೋಡಿತು. ಅವತ್ತಿನಿಂದ ನನ್ನ ಚೀಲ ಹೊಟ್ಟೆಯ ಮೇಲೆ.

ಕಂಬಿಯ ಮೇಲೆ ಹತ್ತಿ ಕೂರಬೇಡಿ, ಮಕ್ಕಳನ್ನೂ ಕೂರಿಸಬೇಡಿ. ಸಾಲು ಪೂರ್ತಿ ಖಾಲಿ ಇದ್ದು ಸುಮ್ಮನೆ ಇಪ್ಪತ್ತು ಸುತ್ತು ಹಾಕಬೇಕಾಗಿ ಬಂದಾಗ ಸರಪಳಿ ಕೆಳಗೆ ನುಸುಳುವ ಆಸೆ ಎಲ್ಲರಿಗೂ ಆಗುತ್ತದೆ. ನನಗೂ ಆಗುತ್ತದೆ. ಆದರೆ ನೀವು ನುಸುಳಿದ್ದನ್ನು ಕಂಡವರು ಜನ ತುಂಬಿರುವಾಗಲೂ ನುಸುಳುತ್ತಾರೆ. ಸಿಬ್ಬಂದಿ ಹತ್ತಿರ ಇದ್ದರೆ ಕೇಳಿ, ಅವರೇ ಸರಪಳಿ ತೆಗೆಯುತ್ತಾರೆ.

ಸಿಗರೇಟು, ವೇಪ್ ಬೇಡವೇ ಬೇಡ. ಗಾಳಿಯಾಡದ ಜಾಗದಲ್ಲಿ ಬೇರೆಯವರಿಗೆ ಪಕ್ಕಕ್ಕೆ ಸರಿಯಲೂ ಆಗುವುದಿಲ್ಲ. ಚ್ಯೂಯಿಂಗ್ ಗಮ್ ಅಗಿದು ಗೋಡೆಗೆ ಅಂಟಿಸುವ ಚಾಳಿ ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

5. ಹೊತ್ತು ಕಳೆಯುವುದು

ಸುಮ್ಮನೆ ಕಾಯುವ ಹೊತ್ತು, ಏನಾದರೂ ಮಾಡುತ್ತಾ ಕಾಯುವ ಹೊತ್ತಿಗಿಂತ ಉದ್ದ ಅನಿಸುತ್ತದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲದಿದ್ದರೆ ಇನ್ನೂ ಉದ್ದ. ಡೇವಿಡ್ ಮೈಸ್ಟರ್ ಎನ್ನುವವರು 1985ರಲ್ಲಿ ಇದರ ಬಗ್ಗೆ ಬರೆದ ಲೇಖನವನ್ನು ಕ್ಯೂ ಬಗ್ಗೆ ಮಾತಾಡುವವರು ಇವತ್ತಿಗೂ ಎತ್ತಿಕೊಳ್ಳುತ್ತಾರೆ. ಪಾರ್ಕಿನವರು ಸಾಲಿನ ದಾರಿಯಲ್ಲೇ ಗುಹೆ, ಹಳೇ ಮನೆ, ಮಾತಾಡುವ ಗೊಂಬೆ ಅಂತೆಲ್ಲ ಕಟ್ಟುವುದು ಇದಕ್ಕೇ. ಅವನ್ನು ನೋಡಿ, ಮಕ್ಕಳಿಗೆ ತೋರಿಸಿ. ಮುಟ್ಟಿ ಕೀಳಬೇಡಿ.

ಮಕ್ಕಳಿಗೆ ಆಟ ಬೇಕು. "ನೀಲಿ ಟೋಪಿ ಎಷ್ಟಿವೆ ಎಣಿಸು", "ಮುಂದಿನ ಗಾಡಿಯಲ್ಲಿ ಯಾರು ಜೋರಾಗಿ ಕೂಗುತ್ತಾರೆ ಹೇಳು", ಅಂತ್ಯಾಕ್ಷರಿ, ಒಗಟು. ಇವೆಲ್ಲ ಪಕ್ಕದವರಿಗೂ ಖುಷಿಯೇ. ಮೊಬೈಲ್ ಕೊಟ್ಟರೆ ತಪ್ಪಿಲ್ಲ, ಆದರೆ ಇಯರ್‌ಫೋನ್ ಇರಲಿ. ಸ್ಪೀಕರ್ ಹಾಕಿ ರೀಲ್ಸ್ ನೋಡುವವರು ಮುಂದೆ ನಿಂತರೆ ನಲವತ್ತು ನಿಮಿಷ ಎಲ್ಲಿಗೂ ಓಡಿಹೋಗಲು ಆಗುವುದಿಲ್ಲ. ಬೇರೆ ಕಡೆಯಾದರೆ ಎದ್ದು ಹೋಗಬಹುದು, ಕ್ಯೂನಲ್ಲಿ ನಿಮ್ಮ ಜಾಗವೇ ಸೆರೆಮನೆ. ವಿಡಿಯೋ ಕಾಲಿಗೂ ಇದೇ ಮಾತು.

ಇನ್ನೊಂದು ಸಣ್ಣ ವಿಷಯ. ಆಗಲೇ ಹತ್ತಿ ಬಂದವರು ಮತ್ತೆ ನಿಂತಿದ್ದರೆ, ದಯವಿಟ್ಟು ಮುಂದೇನಾಗುತ್ತೆ ಅಂತ ಜೋರಾಗಿ ಹೇಳಬೇಡಿ. "ಕತ್ತಲಾಗುತ್ತೆ, ಆಮೇಲೆ ಹಿಮ್ಮುಖವಾಗಿ ಬೀಳುತ್ತೆ" ಅಂತ ಗೆಳೆಯನಿಗೆ ವಿವರಿಸುವಾಗ ಸುತ್ತ ಇರುವ ಮೂವತ್ತು ಜನರಿಗೂ ಕೇಳುತ್ತದೆ.

6. ಯಾರಾದರೂ ನುಗ್ಗಿದರೆ

ಸ್ಟ್ಯಾನ್ಲಿ ಮಿಲ್‌ಗ್ರಾಂ ಎನ್ನುವ ಮನಃಶಾಸ್ತ್ರಜ್ಞ ತನ್ನ ಜೊತೆಗಾರರೊಂದಿಗೆ ನ್ಯೂಯಾರ್ಕಿನ 129 ಸಾಲುಗಳಲ್ಲಿ ಬೇಕಂತಲೇ ಜನರನ್ನು ನುಗ್ಗಿಸಿ ನೋಡಿದ್ದ. 1986ರಲ್ಲಿ ಅದು ಪ್ರಕಟವಾಯಿತು. ಒಬ್ಬನೇ ನುಗ್ಗಿದಾಗ ಅರ್ಧಕ್ಕಿಂತ ತುಸು ಜಾಸ್ತಿ ಸಾಲುಗಳಲ್ಲಿ ಯಾರೋ ಒಬ್ಬರು ಆಕ್ಷೇಪ ಎತ್ತಿದರು. ಇಬ್ಬರು ನುಗ್ಗಿದಾಗ ಹತ್ತರಲ್ಲಿ ಒಂಬತ್ತು ಸಾಲುಗಳಲ್ಲಿ. ಹೆಚ್ಚಾಗಿ ಮಾತಾಡಿದ್ದು ನುಗ್ಗಿದವನ ಹಿಂದೆಯೇ ನಿಂತವರು. ಅವರು ಸುಮ್ಮನಿದ್ದರೆ ಉಳಿದವರೂ ಸಾಮಾನ್ಯವಾಗಿ ಸುಮ್ಮನಿರುತ್ತಾರೆ. ಅಂದರೆ ನಿಮ್ಮ ಮುಂದೆಯೇ ತೂರಿಕೊಂಡರೆ ಮಾತಾಡುವ ಸರದಿ ನಿಮ್ಮದು.

ಹೇಗೆ ಮಾತಾಡುವುದು? ಅವರಿಗೆ ಗೊತ್ತಿಲ್ಲ ಎನ್ನುವ ಹಾಗೆ ಶುರು ಮಾಡಿ. "ಸರ್, ಸಾಲು ಅಲ್ಲಿಂದ ಬರ್ತಾ ಇದೆ, ಕೊನೆ ಆ ಕಂಬದ ಹತ್ತಿರ ಇದೆ." ಎಷ್ಟೋ ಸಲ ನಿಜವಾಗಲೂ ಗೊತ್ತಿರುವುದಿಲ್ಲ. ಗೊತ್ತಿದ್ದೂ ನುಗ್ಗಿದವನಿಗೂ ಮುಖ ಉಳಿಸಿಕೊಂಡು ಹಿಂದೆ ಹೋಗಲು ಒಂದು ದಾರಿ ಸಿಗುತ್ತದೆ. "ಏನ್ರೀ, ನಾವೇನು ಕಡ್ಲೆ ತಿನ್ನೋಕೆ ನಿಂತಿದ್ದೀವಾ" ಅಂತ ಶುರು ಮಾಡಿದರೆ ಆ ದಾರಿ ಮುಚ್ಚಿಹೋಗುತ್ತದೆ. ಆಮೇಲೆ ಅವನು ಹಿಂದೆ ಹೋಗುವುದಿಲ್ಲ, ಜಗಳಕ್ಕೇ ನಿಲ್ಲುತ್ತಾನೆ.

ಒಂದು ಸಲ ಹೇಳಿ, ಬೇಕಿದ್ದರೆ ಇನ್ನೊಂದು ಸಲ. ಕೇಳದಿದ್ದರೆ ಸಿಬ್ಬಂದಿ ಸಿಕ್ಕಾಗ ತಿಳಿಸಿ, ಅಲ್ಲಿಗೆ ಬಿಟ್ಟುಬಿಡಿ. ಕೈ ಅಡ್ಡ ಹಿಡಿಯುವುದು, ತಳ್ಳುವುದು, ಮುಖದ ಮುಂದೆ ಮೊಬೈಲ್ ಹಿಡಿದು ವಿಡಿಯೋ ಮಾಡುವುದು ಬೇಡ. ಲೆಕ್ಕ ನೋಡಿ: ಗಂಟೆಗೆ 1440 ಜನ ಹತ್ತುವ ರೈಡಿನಲ್ಲಿ ಐದು ಜನ ನುಗ್ಗಿದರೆ ನಿಮಗೆ ನಷ್ಟವಾಗುವುದು ಹನ್ನೆರಡು ಹದಿಮೂರು ಸೆಕೆಂಡ್. ಉರಿಯುವುದು ಹೊತ್ತು ಹೋಯಿತು ಅಂತಲ್ಲ, ನ್ಯಾಯ ತಪ್ಪಿತು ಅಂತ. ಸಣ್ಣ ರೈಡುಗಳ ಮಾತು ಬೇರೆ. ನಾಲ್ಕು ನಿಮಿಷಕ್ಕೆ ಹದಿನಾರು ಜನ ಮಾತ್ರ ಕೂರುವ ಕಡೆ ನಾಲ್ವರು ನುಗ್ಗಿದರೆ ನೀವು ಇಡೀ ಒಂದು ಸುತ್ತು ಹಿಂದೆ ಬೀಳಬಹುದು.

7. ಎರಡು ಸಾಲು ಸೇರುವ ಕಡೆ

ಮುಂದೆ ಒಂದು ಜಾಗದಲ್ಲಿ ಬೇಗ ಹೋಗುವವರ ಸಾಲೂ ನಿಮ್ಮದೂ ಸೇರುತ್ತವೆ. ಒಬ್ಬ ಸಿಬ್ಬಂದಿ ಆ ಕಡೆಯಿಂದ ಇಷ್ಟು ಜನ, ಈ ಕಡೆಯಿಂದ ಇಷ್ಟು ಜನ ಅಂತ ಬಿಡುತ್ತಿರುತ್ತಾರೆ. ಮುಕ್ಕಾಲು ಗಂಟೆ ನಿಂತವರ ಕಣ್ಣೆದುರೇ ಈಗ ತಾನೇ ಬಂದವರು ನಗುತ್ತಾ ಹೋಗುತ್ತಾರೆ. ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ಎನ್ನುವ ಇಂಥದ್ದೇ ಏರ್ಪಾಡು ತಂದಾಗ ಅದಕ್ಕೆ ಬೇರೆ ದುಡ್ಡು ಇರಲಿಲ್ಲ. ಅಮೆರಿಕದ ಅವರ ಪಾರ್ಕುಗಳಲ್ಲಿ 2021ರಲ್ಲಿ ಅದು ಹೋಗಿ ದುಡ್ಡು ಕೊಡುವ ಲೈಟ್ನಿಂಗ್ ಲೇನ್ ಬಂತು. ಇದು ಸರಿಯೋ ತಪ್ಪೋ ಅಂತ ವಾದ ಮಾಡಬಹುದು. ನನಗೂ ಅಷ್ಟೊಂದು ಇಷ್ಟವಿಲ್ಲ. ಆದರೆ ಆ ವಾದಕ್ಕೆ ಸರಪಳಿ ಹಿಡಿದು ನಿಂತ ಇಪ್ಪತ್ತು ವರ್ಷದ ಹುಡುಗ ಉತ್ತರ ಕೊಡಬೇಕಾಗಿಲ್ಲ.

ಆ ಸಾಲಿನಲ್ಲಿ ಬರುವ ಎಲ್ಲರೂ ದುಡ್ಡು ಕೊಟ್ಟವರೂ ಅಲ್ಲ. ಬಹಳ ಹೊತ್ತು ಸಾಲಿನಲ್ಲಿ ನಿಲ್ಲಲಾಗದವರಿಗೆ ಪಾರ್ಕುಗಳು ಬೇರೆ ಏರ್ಪಾಡು ಮಾಡಿರುತ್ತವೆ. ಎಷ್ಟೋ ಕಡೆ ಅವರಿಗೂ ಒಂದು ಸಮಯ ಬರೆದುಕೊಡುತ್ತಾರೆ, ಅಲ್ಲಿಯವರೆಗೆ ಅವರು ಬೇರೆ ಕಡೆ ಕಾದಿರುತ್ತಾರೆ. ಆಟಿಸಂ ಇರುವ ಮಗುವನ್ನು ನೋಡಿದ ಕೂಡಲೇ ಗೊತ್ತಾಗುವುದಿಲ್ಲ. "ನೋಡೋಕೆ ಚೆನ್ನಾಗೇ ಇದ್ದಾರಲ್ಲ" ಎನ್ನುವ ಪಿಸುಮಾತು ಅವರ ಅಪ್ಪ ಅಮ್ಮನಿಗೆ ಕೇಳಿಸುತ್ತದೆ.

8. ಪ್ಲಾಟ್‌ಫಾರಂ

ಈಗ ಮುಖ್ಯವಾದ ಜಾಗ. ಆಗಿನ ಲೆಕ್ಕಕ್ಕೆ ವಾಪಸ್ ಬರೋಣ. 24 ಸೀಟು, ನಿಮಿಷಕ್ಕೊಂದು ಗಾಡಿ, 720 ಜನರಿಗೆ 30 ನಿಮಿಷ.

ಪ್ರತಿ ಗಾಡಿಯೂ 15 ಸೆಕೆಂಡ್ ತಡವಾಗಿ ಹೊರಟರೆ? ಗಂಟೆಗೆ 60 ಗಾಡಿಯ ಬದಲು 48. ಹತ್ತುವವರು 1440ರ ಬದಲು 1152. ಅದೇ 720 ಜನರ ಸಾಲಿಗೆ ಈಗ ಮೂವತ್ತೇಳೂವರೆ ನಿಮಿಷ. ಹೊತ್ತಿಗೆ ಸರಿಯಾಗಿ ಹೊರಟರೂ ಪ್ರತಿ ಗಾಡಿಯಲ್ಲಿ ಎರಡು ಸೀಟು ಖಾಲಿ ಹೋದರೆ ಸುಮಾರು ಮೂರು ನಿಮಿಷ ಜಾಸ್ತಿ. ನುಗ್ಗಿದ ಐದು ಜನರಿಂದ ಹೋದದ್ದು ಹದಿಮೂರು ಸೆಕೆಂಡ್. ಜೇಬು ತಡಕಾಡುವ ನಮ್ಮಂಥ ಮರ್ಯಾದಸ್ಥರಿಂದ ಹೋದದ್ದು ಏಳೂವರೆ ನಿಮಿಷ!

ಅದಕ್ಕೇ ಮುಂದಿನ ಗಾಡಿ ನಿಮ್ಮದು ಅಂತ ಗೊತ್ತಾದ ಕೂಡಲೇ ಟೋಪಿ, ಕನ್ನಡಕ, ಮೊಬೈಲ್ ಎಲ್ಲವನ್ನೂ ಜಿಪ್ ಇರುವ ಜೇಬಿಗೋ ಚೀಲಕ್ಕೋ ಹಾಕಿ. ಚೀಲ ಎಲ್ಲಿಡಬೇಕು ಅಂತ ಮುಂದಿನವರನ್ನು ನೋಡಿ ತಿಳಿದುಕೊಳ್ಳಿ. ಯಾರ ಪಕ್ಕ ಯಾರು ಎನ್ನುವುದನ್ನು ಸಾಲಿನಲ್ಲೇ ತೀರ್ಮಾನಿಸಿ. ಗೇಟು ತೆರೆದ ಮೇಲೆ "ನೀನು ಅಲ್ಲಿ, ಅಜ್ಜಿ ಇಲ್ಲಿ, ಅಲ್ಲಲ್ಲ, ನೀನು ಬಾ" ಅಂತ ಶುರು ಮಾಡಬೇಡಿ.

ಸಿಬ್ಬಂದಿ "ಎಷ್ಟು ಜನ?" ಅಂದರೆ ಒಂದು ಸಂಖ್ಯೆ ಹೇಳಿ, ಬೆರಳಿನಲ್ಲೂ ತೋರಿಸಿ. ಅಷ್ಟು ಗದ್ದಲದಲ್ಲಿ ಕೇಳಿಸುವುದಿಲ್ಲ. "ನಾವು ನಾಲ್ಕು, ಆದ್ರೆ ಒಬ್ಬ ಹತ್ತಲ್ಲ, ಇನ್ನೊಬ್ಬ ಬರ್ತಾ ಇದ್ದಾನೆ" ಎನ್ನುವುದು ಉತ್ತರವಲ್ಲ. ಅವರು ತೋರಿಸಿದ ಸಾಲಿಗೇ ಹೋಗಿ ನಿಲ್ಲಿ. ಎಲ್ಲರಿಗಿಂತ ಮುಂದಿನ ಸೀಟೇ ಬೇಕಾದರೆ "ಮುಂದಿನ ಸಾಲಿಗೆ ಕಾಯಬಹುದಾ?" ಅಂತ ಕೇಳಿ. ಕೆಲವು ಕಡೆ ಅದಕ್ಕೆ ಬೇರೆ ಸಾಲೇ ಇರುತ್ತದೆ. ಆಗಲ್ಲ ಅಂದರೆ ಆಗಲ್ಲ.

ಕೂತ ತಕ್ಷಣ ಬೆಲ್ಟ್ ಹಾಕಿ, ಕಂಬಿ ಎಳೆದುಕೊಳ್ಳಿ, ಪರೀಕ್ಷಿಸಲು ಬಂದಾಗ ಕೈ ಮೇಲೆತ್ತಿ. ಸೆಲ್ಫಿ ಬೇಡ. ಹೊಟ್ಟೆ ಒಳಗೆಳೆದುಕೊಂಡು ಕಂಬಿ ಮೂರು ಸಲ ಒತ್ತಿಸಿಕೊಳ್ಳಬೇಕಾಗಿ ಬಂದರೆ ನಾಚಿಕೆ ಪಡಬೇಡಿ, ಎಲ್ಲ ಗಾಡಿಯಲ್ಲೂ ಒಬ್ಬರು ಇರುತ್ತಾರೆ. ಕಂಬಿ ಕೂರಲೇ ಇಲ್ಲ ಅಂದರೆ ವಾದ ಮಾಡದೆ ಇಳಿಯಿರಿ. ಬಹಳ ರೈಡುಗಳ ಬಾಗಿಲಲ್ಲಿ ಒಂದು ಮಾದರಿ ಸೀಟು ಇಟ್ಟಿರುತ್ತಾರೆ. ಅನುಮಾನ ಇದ್ದವರು ಮೊದಲೇ ಅಲ್ಲಿ ಕೂತು ನೋಡಿದರೆ ಈ ಮುಜುಗರ ಇಲ್ಲ.

ಕೊನೇ ಗಳಿಗೆಯಲ್ಲಿ ಹೆದರಿಕೆ ಆಯಿತೇ? ಪ್ಲಾಟ್‌ಫಾರಂನಲ್ಲಿ ಸಾಮಾನ್ಯವಾಗಿ ಗಾಡಿಯನ್ನು ಹತ್ತದೆ ಆಚೆ ಹೋಗುವ ದಾರಿ ಇರುತ್ತದೆ. ಗೇಟು ತೆರೆಯುವ ಮೊದಲೇ ಸಿಬ್ಬಂದಿಗೆ ಹೇಳಿ. ಅವರು ನಗುವುದಿಲ್ಲ, ದಿನಾ ನೋಡುತ್ತಾರೆ. ಅಳುವ ಮಗುವನ್ನು ಸೀಟಿಗೆ ಒತ್ತಿ ಕೂರಿಸುವವರನ್ನು ಕಂಡರೆ ಮಾತ್ರ ನನ್ನ ತಾಳ್ಮೆ ಹೋಗುತ್ತದೆ.

ಇನ್ನೂ ಒಂದು ಕಾರಣಕ್ಕೆ ಬೇಗ ಕೂರಬೇಕು. ರೋಲರ್ ಕೋಸ್ಟರ್ ಹಳಿಯನ್ನು ಭಾಗಗಳಾಗಿ ಮಾಡಿರುತ್ತಾರೆ, ಒಂದು ಭಾಗದಲ್ಲಿ ಒಂದೇ ಗಾಡಿ. ನಿಮ್ಮ ಗಾಡಿ ನಿಲ್ದಾಣ ಬಿಡುವವರೆಗೆ ಹಿಂದಿನದು ಒಳಗೆ ಬರುವಂತಿಲ್ಲ. ಅದು ಹೊರಗೆ ಬ್ರೇಕ್ ಮೇಲೆ ನಿಂತಿರುತ್ತದೆ. ಅದರಲ್ಲಿ 24 ಜನ ತೊಡೆ ಮೇಲೆ ಕಂಬಿ ಇಟ್ಟುಕೊಂಡು, ಬಿಸಿಲೋ ಮಳೆಯೋ, ನೀವು ಟೋಪಿ ಎಲ್ಲಿಡಬೇಕೆಂದು ತೀರ್ಮಾನಿಸುವುದನ್ನೇ ಕಾಯುತ್ತಿರುತ್ತಾರೆ.

9. ರೈಡ್ ನಿಂತುಹೋದರೆ

ಮಿಂಚು ಹತ್ತಿರ ಬಂದರೆ ಹೊರಗಿನ ರೈಡುಗಳನ್ನು ನಿಲ್ಲಿಸುತ್ತಾರೆ. ಎಲ್ಲೋ ಒಂದು ಸೆನ್ಸರ್ ತಪ್ಪು ತೋರಿಸಿದರೂ ಗಾಡಿಗಳು ತಾವಾಗಿ ನಿಲ್ಲುತ್ತವೆ. ಅದು ಕೆಟ್ಟಿತು ಅನ್ನುವುದಕ್ಕಿಂತ ಕಾವಲು ಕೆಲಸ ಮಾಡಿತು ಅನ್ನುವುದು ಸರಿ. ಎಷ್ಟು ಹೊತ್ತು ಅಂತ ಸಾಲಿನಲ್ಲಿರುವ ಸಿಬ್ಬಂದಿಗೆ ಗೊತ್ತಿರುವುದಿಲ್ಲ. ಮತ್ತೆ ಮತ್ತೆ ಕೇಳಿದರೂ ಗೊತ್ತಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: "ಈಗ ಹೊರಗೆ ಹೋದರೆ ಆಮೇಲೆ ಬರೋಕೆ ಏನಾದರೂ ಪಾಸ್ ಕೊಡ್ತೀರಾ?" ಕೊಡುವ ಪಾರ್ಕುಗಳಿವೆ, ಕೊಡದವೂ ಇವೆ. ಉತ್ತರ ಕೇಳಿಕೊಂಡು, ನಿಲ್ಲುವುದೋ ಹೋಗುವುದೋ ನಿಮ್ಮವರೊಂದಿಗೆ ತೀರ್ಮಾನಿಸಿ. ಹೋಗುವುದಾದರೆ ಬಂದ ದಾರಿಯಲ್ಲಿ ಜನರನ್ನು ಸರಿಸಿಕೊಂಡು ಹೋಗುವ ಮೊದಲು ಹತ್ತಿರದಲ್ಲಿ ಬೇರೆ ದಾರಿ ಇದೆಯಾ ಕೇಳಿ.

10. ಇಳಿಯುವಾಗ

ಗಾಡಿ ನಿಂತು, ಕಂಬಿ ತೆರೆದುಕೊಳ್ಳುವವರೆಗೆ ಏಳಬೇಡಿ. ತೆರೆದ ಮೇಲೆ ಕೂತೇ ಇರಬೇಡಿ. ಸೀಟಿನ ಕೆಳಗೆ ಒಂದು ಸಲ ನೋಡಿ, ಚೀಲ ಎತ್ತಿಕೊಂಡು ಹೊರಡಿ. ತಲೆ ತಿರುಗುತ್ತಿದ್ದರೆ ಸಿಬ್ಬಂದಿಗೆ ಹೇಳಿ, ಕೈ ಹಿಡಿದು ಇಳಿಸುತ್ತಾರೆ. ಕೂದಲು ಸರಿಮಾಡಿಕೊಳ್ಳುವುದು, ಯಾರು ಜಾಸ್ತಿ ಕೂಗಿದರು ಅಂತ ಮಾತಾಡುವುದು, ಚಪ್ಪಲಿ ಹಾಕಿಕೊಳ್ಳುವುದು ಎಲ್ಲ ಮೆಟ್ಟಿಲು ಇಳಿದ ಮೇಲೆ. ಫೋಟೋ ಕೌಂಟರಿನ ಮುಂದೆ ಗುಂಪು ಕಟ್ಟುವುದಾದರೆ ಗೋಡೆ ಪಕ್ಕಕ್ಕೆ ಸರಿದು ನಿಲ್ಲಿ, ಹಿಂದಿನ ಗಾಡಿಯವರು ಆಗಲೇ ಮೆಟ್ಟಿಲು ಇಳಿಯುತ್ತಿರುತ್ತಾರೆ.